ದುಡ್ಡು ಯಾವ ತಾರೀಖಿಗೆ ಬೇಕು, ಅದನ್ನ ಮೊದ್ಲು ಹೇಳಿ

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪತ್ರ, ಮೇಲ್, ವಾಟ್ಸಾಪ್ ಮೆಸೇಜು ಎಲ್ಲಾ ರಾಶಿ ಹಾಕ್ಕೊಂಡು ಕೂತ್ರೆ ಅರ್ಧಕ್ಕರ್ಧ ಒಂದೇ ಸಾಲು, "ಸಾರ್ ನನ್ನ ಹತ್ರ ಎರಡು ಲಕ್ಷ ಇದೆ, ಎಲ್ಲಿ ಹಾಕ್ಲಿ?" ಅಷ್ಟೇ, ಮುಂದೆ ಹಿಂದೆ ಏನೂ ಇಲ್ಲ. ಮೆಜೆಸ್ಟಿಕ್‌ನಲ್ಲಿ ನಿಂತ್ಕೊಂಡು "ಇಲ್ಲಿ ಯಾವ ಬಸ್ ಚೆನ್ನಾಗಿದೆ" ಅಂತ ಕಂಡಕ್ಟರ್‌ನ ಕೇಳಿದ ಹಾಗಾಯ್ತು. ಹಾಗಾಗಿ ಈ ಸಲ ಯಾರು ದುಡ್ಡು ಯಾವಾಗ ಬೇಕು ಅಂತನೂ ಬರೆದಿದ್ದಾರೋ ಅವರ ಪ್ರಶ್ನೆಗಳನ್ನೇ ಆರಿಸ್ಕೊಂಡಿದೀನಿ. ಇನ್ನೊಂದು ವಿಷಯನೂ ಬರೆದಿದ್ರೆ ಚೆನ್ನಾಗಿರ್ತಿತ್ತು, ಆ ತಾರೀಖು ಮುಂದಕ್ಕೆ ಹೋಗುತ್ತಾ ಹೋಗಲ್ವಾ ಅಂತ. ಅದನ್ನ ಯಾರೂ ಬರೆದಿಲ್ಲ, ನಾನೇ ಊಹೆ ಮಾಡ್ಕೊಂಡಿದೀನಿ.

ಪ್ರಶ್ನೆ: ಮಗಳು ಈಗ ಫಸ್ಟ್ ಪಿಯುಸಿ, ಸೈನ್ಸ್. ಕಾಲೇಜು ಫೀಸಿಗೆ ಅಂತ 6 ಲಕ್ಷ ಎತ್ತಿಟ್ಟಿದೀನಿ, ಬ್ಯಾಂಕಲ್ಲಿ ಸುಮ್ನೆ ಬಿದ್ದಿದೆ. ನಮ್ಮ ಭಾಮೈದ ಸ್ಮಾಲ್ ಕ್ಯಾಪ್ (ಚಿಕ್ಕ ಕಂಪನಿಗಳ ಷೇರಿನ) ಫಂಡಿಗೆ ಹಾಕು ಭಾವ, ಒಂದೂವರೆ ವರ್ಷದಲ್ಲಿ 9 ಲಕ್ಷ ಆಗುತ್ತೆ ಅಂತಿದಾನೆ, ಅವನಿಗೆ ಆಗಿದೆಯಂತೆ. ಹಾಕ್ಲಾ? — ಒಬ್ಬ ತಂದೆ, ಹಾಸನ

ಉತ್ತರ: ಬೇಡ. ಭಾಮೈದನ ಮೇಲೆ ಬೇಜಾರಿಲ್ಲ, ಅವನಿಗೆ ಆಗಿರೋದೂ ನಿಜವೇ ಇರ್ಬಹುದು, ಆದ್ರೆ ಅವನ ದುಡ್ಡಿಗೆ ತಾರೀಖು ಇರ್ಲಿಲ್ಲ, ನಿಮ್ಮದಕ್ಕೆ ಇದೆ. ಸೆಕೆಂಡ್ ಪಿಯು ಮುಗೀತು, ಸಿಇಟಿ ಆಯ್ತು, ಸೀಟು ಅಲಾಟ್ ಆಯ್ತು ಅಂದ್ರೆ ಫೀಸ್ ಕಟ್ಟೋಕೆ ಕೊಡೋದು ಕೆಲವೇ ದಿನ, ಆ ದಿನ ಮಾರ್ಕೆಟ್ ಕೆಳಗಿದೆ ಸ್ವಲ್ಪ ತಡೀರಿ ಅಂತ ಪರೀಕ್ಷಾ ಪ್ರಾಧಿಕಾರದವರಿಗೆ ಹೇಳೋಕಾಗುತ್ತಾ.

ನಂದೇ ಕತೆ ಹೇಳ್ತೀನಿ, ಹೇಳೋಕೆ ನಾಚಿಕೆ ಆಗುತ್ತೆ ಆದ್ರೂ ಹೇಳ್ತೀನಿ. 2007ರ ಕೊನೆಯಲ್ಲಿ ತುಮಕೂರಲ್ಲಿ ಮನೆ ಕಟ್ಟೋಕೆ ಶುರು ಮಾಡೋಣ ಅಂತ ಇದ್ದೆ. ಪಾಯ ಗೋಡೆಗೆ ಬ್ಯಾಂಕ್ ಸಾಲ, ಮೋಲ್ಡ್ ಹಾಕೋಕೆ ಅಂತ ಕೈಯಲ್ಲಿ 4 ಲಕ್ಷ. ಮೋಲ್ಡ್ ಬರೋದು ಇನ್ನೂ ಎಂಟು ಹತ್ತು ತಿಂಗಳಿಗಲ್ವಾ, ಅಲ್ಲಿ ತನಕ ಯಾಕೆ ಸುಮ್ನೆ ಇರ್ಬೇಕು ಅಂತ 2008ರ ಜನವರಿಯಲ್ಲಿ ಅಷ್ಟನ್ನೂ ಷೇರು ಫಂಡಿಗೆ ಹಾಕ್ದೆ. ಆಗ ಸೆನ್ಸೆಕ್ಸ್ (ಮುಂಬೈ ಷೇರುಪೇಟೆ ಸೂಚ್ಯಂಕ) 21 ಸಾವಿರ ಮುಟ್ಟಿತ್ತು, ಆಫೀಸಲ್ಲಿ ಟೀ ತರೋ ಹುಡುಗನೂ ಷೇರು ಮಾತಾಡ್ತಿದ್ದ. ಅಕ್ಟೋಬರ್ ಕೊನೆಗೆ ಮೇಸ್ತ್ರಿ ಫೋನ್ ಮಾಡ್ದ, "ಸಾರ್ ಸೆಂಟ್ರಿಂಗ್ ಹೊಡ್ದಾಯ್ತು, ಕಬ್ಬಿಣ ಯಾವಾಗ ಇಳಿಸ್ತೀರಿ?" ನಾನು ಫೋನ್ ಇಟ್ಟು ಸ್ಟೇಟ್‌ಮೆಂಟ್ ನೋಡ್ದೆ, 1 ಲಕ್ಷ 70 ಸಾವಿರ. ಸೆಂಟ್ರಿಂಗ್ ಹಲಗೆಗೆ ದಿನದ ಬಾಡಿಗೆ ಓಡ್ತಾ ಇದೆ, ಮೇಲಿಂದ ಹಿಂಗಾರು ಮಳೆ ಬೇರೆ. ಅಷ್ಟಕ್ಕೇ ಮಾರ್ದೆ, ಉಳಿದಿದ್ದಕ್ಕೆ ಹೆಂಡತಿ ಬಳೆ ಗಿರವಿ. ಆಮೇಲೆ 2010ರ ನವೆಂಬರ್ ಹೊತ್ತಿಗೆ ಸೆನ್ಸೆಕ್ಸ್ ಮತ್ತೆ 21 ಸಾವಿರಕ್ಕೆ ಬಂತು, ಎಲ್ಲಾರೂ ಹೇಳ್ತಾರೆ ನೋಡಿ ಕಾದಿದ್ರೆ ಸಿಗ್ತಿತ್ತು ಅಂತ. ಕಾಯೋದು ನನ್ನ ಕೈಲಿ ಇರ್ಲಿಲ್ಲ ಅನ್ನೋದೇ ಇಲ್ಲಿ ವಿಷಯ. ಆ ಫಂಡ್ ಕೆಟ್ಟದ್ದಾಗಿರ್ಲಿಲ್ಲ, ನನ್ನ ದುಡ್ಡಿಗೆ ಎರಡು ವರ್ಷ ಕಾಯೋ ಟೈಮ್ ಇರ್ಲಿಲ್ಲ ಅಷ್ಟೇ.

ಆದ್ರಿಂದ ನಿಮ್ಮ 6 ಲಕ್ಷ ಬ್ಯಾಂಕ್ ಎಫ್‌ಡಿ. ಅದನ್ನೂ ಒಂದೇ ರಸೀದಿ ಮಾಡ್ಬೇಡಿ, ಎರಡು ಮೂರು ಮಾಡಿ, ಮೊದಲ ವರ್ಷದ ಫೀಸು ಎಷ್ಟು ಬೇಕೋ ಅಷ್ಟು ಅಡ್ಮಿಷನ್‌ಗೆ ಒಂದು ತಿಂಗಳು ಮುಂಚೆ ಬರೋ ಹಾಗೆ, ಉಳಿದದ್ದು ಎರಡನೇ ವರ್ಷ ಮೂರನೇ ವರ್ಷದ ಫೀಸಿನ ಹೊತ್ತಿಗೆ. ಆರೂವರೆ ಪರ್ಸೆಂಟ್ ಸಿಕ್ರೂ ಒಂದೂವರೆ ವರ್ಷಕ್ಕೆ 60 ಸಾವಿರದ ಹತ್ರ ಬಡ್ಡಿ, ತೆರಿಗೆ ಬೇರೆ. 9 ಲಕ್ಷ ಆಗಲ್ಲ. ಆದ್ರೆ ನನ್ನ ದುಡ್ಡಿನ ಹಾಗೆ ಬಿದ್ದು ಎರಡೂವರೆ ಲಕ್ಷನೂ ಆಗಲ್ಲ.

ಪ್ರಶ್ನೆ: ನಂಗೆ 26, ಬೆಂಗ್ಳೂರಲ್ಲಿ ಐಟಿ ಕೆಲಸ. ಎಲ್ರೂ ಲಾಂಗ್ ಟರ್ಮ್ ಲಾಂಗ್ ಟರ್ಮ್ ಅಂತಾರೆ, ಲಾಂಗ್ ಟರ್ಮ್ ಅಂದ್ರೆ ಕರೆಕ್ಟಾಗಿ ಎಷ್ಟು ವರ್ಷ? ಅಮ್ಮ ಎಲ್ಲಾ ಎಫ್‌ಡಿ ಮಾಡು ಅಂತಾರೆ. — ಓದುಗ, ವಿಜಯನಗರ, ಬೆಂಗಳೂರು

ಉತ್ತರ: ಇನ್‌ಕಮ್ ಟ್ಯಾಕ್ಸ್‌ನವರನ್ನ ಕೇಳಿದ್ರೆ ಷೇರಿಗೆ ಒಂದು ವರ್ಷ ದಾಟಿದ್ರೆ ಸಾಕು, ಲಾಂಗ್ ಟರ್ಮ್. 2024ರ ಜುಲೈಯಿಂದ ವರ್ಷ ದಾಟಿದ ಲಾಭಕ್ಕೆ, 1.25 ಲಕ್ಷದ ಮೇಲಿದ್ದದ್ದಕ್ಕೆ ಹನ್ನೆರಡೂವರೆ ಪರ್ಸೆಂಟ್, ವರ್ಷದೊಳಗಿನದಕ್ಕೆ 20 ಪರ್ಸೆಂಟ್. ಇದು ತೆರಿಗೆ ಲೆಕ್ಕ, ಇದನ್ನ ನಂಬ್ಕೊಂಡು ಒಂದು ವರ್ಷ ಇಟ್ರೆ ಸೇಫ್ ಅಂದ್ಕೋಬೇಡಿ, ತುಂಬಾ ಜನ ಹಾಗೇ ಅಂದ್ಕೊಂಡಿದಾರೆ.

ಏಜೆಂಟ್‌ಗಳು ಐದು ವರ್ಷ ಅಂತಾರೆ. ನಾನು ಏಳಕ್ಕಿಂತ ಕಮ್ಮಿ ಹೇಳಲ್ಲ, ಅದೂ ಗ್ಯಾರಂಟಿ ಅಂತ ಅಲ್ಲ. ಹಳೇ ಲೆಕ್ಕ ಒಂದು ಕೇಳಿ, ಷೇರು ಹಗರಣದ ಹರ್ಷದ್ ಮೆಹ್ತಾ ಟೈಮಲ್ಲಿ, 1992ರ ಏಪ್ರಿಲ್‌ನಲ್ಲಿ ಸೆನ್ಸೆಕ್ಸ್ ನಾಲ್ಕೂವರೆ ಸಾವಿರದ ಹತ್ರ ಇತ್ತು. ಹನ್ನೊಂದು ವರ್ಷ ಆದ್ಮೇಲೆ, 2003ರ ಏಪ್ರಿಲ್‌ನಲ್ಲಿ ಎಷ್ಟಿತ್ತು? ಮೂರು ಸಾವಿರ. ಡಿವಿಡೆಂಡ್ ಸ್ವಲ್ಪ ಬಂದಿರುತ್ತೆ ಬಿಡಿ, ಆದ್ರೂ ಹನ್ನೊಂದು ವರ್ಷ. ಅದೇ ಮೂರು ಸಾವಿರ ಐದು ವರ್ಷದೊಳಗೆ, 2008ರ ಜನವರಿಗೆ, 21 ಸಾವಿರ ಆಯ್ತು. ಅಂದ್ರೆ ಈ ಮಾರ್ಕೆಟ್ ಅನ್ನೋದು ತಿಂಗಳ ಸಂಬಳದ ಹಾಗೆ ವರ್ಷಕ್ಕಿಷ್ಟು ಅಂತ ಕೊಡಲ್ಲ, ಹತ್ತು ವರ್ಷ ಏನೂ ಕೊಡದೆ ಕೂತಿದ್ದು ಒಂದೆರಡು ವರ್ಷದಲ್ಲಿ ಒಟ್ಟಿಗೆ ಸುರಿಯುತ್ತೆ, ಆ ಒಂದೆರಡು ವರ್ಷ ನೀವು ಅಲ್ಲಿ ಇರ್ಬೇಕು, ಇರ್ಬೇಕು ಅಂದ್ರೆ ನಿಮಗೆ ಅರ್ಜೆಂಟ್ ಇರ್ಬಾರ್ದು. 92ರಲ್ಲಿ ತುದಿಯಲ್ಲಿ ಒಂದೇ ಕಂತಲ್ಲಿ ಸುರಿದವನ ಕತೆ ಬೇರೆ, ಅವತ್ತಿಂದ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಾಕಿದವನ ಕತೆ ಬೇರೆ, ಎರಡನೆಯವನಿಗೆ ಆ ಸತ್ತ ವರ್ಷಗಳಲ್ಲೇ ಕಮ್ಮಿ ರೇಟಿಗೆ ಜಾಸ್ತಿ ಯೂನಿಟ್ (ಫಂಡಿನ ಪಾಲು) ಸಿಕ್ಕಿರುತ್ತೆ. ಎಸ್‌ಐಪಿ, ಅಂದ್ರೆ ತಿಂಗಳು ತಿಂಗಳು ಫಂಡಿಗೆ ಇಷ್ಟು ಅಂತ ಹಾಕೋದು, ಕೆಲಸ ಮಾಡೋದು ಹಾಗೇ.

ಈಗ ಅಮ್ಮನ ವಿಷಯ. ಅಮ್ಮ ಪೂರ್ತಿ ತಪ್ಪಲ್ಲ. ಆದ್ರೆ 7 ಪರ್ಸೆಂಟ್ ಎಫ್‌ಡಿ, ನೀವು 30 ಪರ್ಸೆಂಟ್ ಸ್ಲ್ಯಾಬ್‌ನಲ್ಲಿ ಇದ್ರೆ ಕೈಗೆ ಬರೋದು ಐದಕ್ಕೂ ಸ್ವಲ್ಪ ಕಮ್ಮಿ, ಬೆಲೆ ಏರಿಕೆ ನಾಲ್ಕು ಪರ್ಸೆಂಟ್ ಇರ್ಲಿ ಅಂತ ರಿಸರ್ವ್ ಬ್ಯಾಂಕೇ ಗುರಿ ಇಟ್ಕೊಂಡಿರೋದು. ಉಳಿದದ್ದು ಎಷ್ಟು? ಒಂದು ಪರ್ಸೆಂಟೂ ಇಲ್ಲ. ಎರಡು ವರ್ಷದ ದುಡ್ಡಿಗೆ ಅದು ನಡೆಯುತ್ತೆ, ಮೂವತ್ತು ವರ್ಷದ ದುಡ್ಡಿಗೆ ಅದು ನಿಧಾನವಾಗಿ ಸೋರೋ ಟ್ಯಾಂಕ್. ಷೇರು ಒಂದೇ ದಿನ ಬಿದ್ರೆ ಟಿವಿಯಲ್ಲಿ ಬರುತ್ತೆ, 2020ರ ಮಾರ್ಚ್ 23ಕ್ಕೆ ಒಂದೇ ದಿನ 13 ಪರ್ಸೆಂಟ್ ಬಿತ್ತಲ್ಲ, ಆ ಥರ. ಎಫ್‌ಡಿ ಸೋರೋದು ಟಿವಿಯಲ್ಲಿ ಬರಲ್ಲ, ಅದಕ್ಕೆ ಅಮ್ಮನಿಗೆ ಕಾಣಲ್ಲ.

ನಿಮ್ಮ ವಯಸ್ಸು 26 ಅಂದ ಮಾತ್ರಕ್ಕೆ ನಿಮ್ಮ ಎಲ್ಲಾ ದುಡ್ಡೂ 26ರ ದುಡ್ಡಲ್ಲ. ಕೆಲಸ ಹೋದ್ರೆ ಬೇಕಾಗೋ ಆರು ತಿಂಗಳ ಖರ್ಚು ನಾಳೆಯ ದುಡ್ಡು, ಅದು ಸೇವಿಂಗ್ಸ್, ಎಫ್‌ಡಿ, ಇಲ್ಲಾಂದ್ರೆ ಲಿಕ್ವಿಡ್ ಫಂಡ್ (ಏರಿಳಿತ ಕಮ್ಮಿ, ಬೇಕಂದಾಗ ಬೇಗ ತೆಗೆಯೋ ಫಂಡ್). ಎರಡು ವರ್ಷದಲ್ಲಿ ಮದುವೆ ಇದ್ರೆ ಅದು ಎಫ್‌ಡಿನೇ, ಅಮ್ಮನ ಮಾತೇ ಸರಿ. ಪಿಎಫ್ ಅಂತೂ ಸಂಬಳದಲ್ಲೇ ಕಟ್ ಆಗ್ತಿದೆ. ಇಷ್ಟಾದ್ಮೇಲೆ ಉಳಿಯೋದು ಐವತ್ತೈದು ಅರವತ್ತಕ್ಕೆ ಬೇಕಾಗೋದು, ಅದನ್ನ ಒಂದು ಸಾದಾ ನಿಫ್ಟಿ ಇಂಡೆಕ್ಸ್ ಫಂಡಿಗೆ (ನಿಫ್ಟಿ ಪಟ್ಟಿಯಲ್ಲಿರೋ 50 ದೊಡ್ಡ ಕಂಪನಿಗಳ ಷೇರನ್ನೇ ಕೊಳ್ಳೋದು) ತಿಂಗಳು ತಿಂಗಳು ಹಾಕ್ತಾ ಹೋಗಿ, ಆಪ್‌ನ ದಿನಕ್ಕೆ ನಾಲ್ಕು ಸಲ ತೆಗೆದು ನೋಡೋದು ಬಿಡಿ. ಮೂವತ್ತು ವರ್ಷದ ದುಡ್ಡನ್ನ ಲಂಚ್ ಬ್ರೇಕಲ್ಲಿ ಚೆಕ್ ಮಾಡೋದು ಯಾವ ಸುಖಕ್ಕೆ?

ಪ್ರಶ್ನೆ: ಮಗಳಿಗೆ 9 ವರ್ಷ ತುಂಬಿದೆ, ಸುಕನ್ಯಾ ಸಮೃದ್ಧಿ ಈಗ ಮಾಡಿಸಿದ್ರೆ ಡಿಗ್ರಿಗೆ ಸರಿ ಹೋಗುತ್ತಾ? — ಓದುಗರು, ಚಿತ್ರದುರ್ಗ

ಉತ್ತರ: ಹತ್ತು ತುಂಬೋದ್ರೊಳಗೆ ಮಾಡಿಸ್ಬೇಕು, ಅಲ್ಲಿಗೆ ಇನ್ನೂ ಟೈಮ್ ಇದೆ. ಆದ್ರೆ ಎಲ್ರೂ ಒಂದು ಕಡೆ ಎಡವ್ತಾರೆ, 21 ವರ್ಷ ಅಂದ್ರೆ ಮಗಳಿಗೆ 21 ಆದಾಗ ಅಂತ ತಿಳ್ಕೊಂಡಿರ್ತಾರೆ. ಅಲ್ಲ, ಖಾತೆಗೆ 21. ಈಗ ತೆರೆದ್ರೆ ಮಗಳಿಗೆ ಮೂವತ್ತಾದಾಗ ಪೂರ್ತಿ ಕೈಗೆ ಬರೋದು, ಮದುವೆ ಅಂತ ಆದ್ರೆ 18 ದಾಟಿದ ಮೇಲೆ ಮುಂಚೆನೇ ಮುಚ್ಚಬಹುದು. ಓದಿಗೆ ಅಂತ 18 ಆದ್ಮೇಲೆ ಅಥವಾ ಹತ್ತನೇ ಕ್ಲಾಸ್ ಪಾಸಾದ್ಮೇಲೆ, ಹಿಂದಿನ ವರ್ಷದ ಕೊನೆಗೆ ಇದ್ದ ಮೊತ್ತದ ಅರ್ಧ ತನಕ ತೆಗೀಬಹುದು. ಬಡ್ಡಿ 2024ರಿಂದ 8.2 ಪರ್ಸೆಂಟ್, ತೆರಿಗೆ ಇಲ್ಲ, ಇಷ್ಟು ಭದ್ರವಾಗಿರೋದಕ್ಕೆ ಇದಕ್ಕಿಂತ ಜಾಸ್ತಿ ಎಲ್ಲಿ ಸಿಗುತ್ತೆ ಹೇಳಿ. ಹಾಗಾಗಿ ಮಾಡಿಸಿ, ಆದ್ರೆ ಡಿಗ್ರಿ ಫೀಸು ಪೂರ್ತಿ ಇದರ ಮೇಲೆ ಬಿಡ್ಬೇಡಿ, ಒಂಬತ್ತು ವರ್ಷ ಇದೆಯಲ್ಲ, ಪಕ್ಕದಲ್ಲಿ ಒಂದು ಇಂಡೆಕ್ಸ್ ಫಂಡ್ ಎಸ್‌ಐಪಿ ಇರ್ಲಿ, ಮಗಳು ಎಸ್‌ಎಸ್‌ಎಲ್‌ಸಿಗೆ ಬಂದಾಗಿಂದ ಅದನ್ನ ಸ್ವಲ್ಪ ಸ್ವಲ್ಪ ತೆಗೆದು ಎಫ್‌ಡಿಗೆ ಹಾಕ್ತಾ ಬನ್ನಿ. ಒಂಬತ್ತು ವರ್ಷದ ದುಡ್ಡು ಅಂತ ಶುರು ಮಾಡಿದ್ದು ಏಳು ವರ್ಷ ಕಳೆದ ಮೇಲೆ ಎರಡು ವರ್ಷದ ದುಡ್ಡಾಗಿರುತ್ತೆ, ಇದನ್ನ ಜನ ಮರೆತೇ ಬಿಡ್ತಾರೆ.

ಪ್ರಶ್ನೆ: ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ದುಡ್ಡು ಬರೋದು ವರ್ಷಕ್ಕೆ ಒಂದೇ ಸಲ, ಅಡಿಕೆ ಮಾರಿದಾಗ. ನೀವು ಪ್ರತಿ ಸಲ ತಿಂಗಳಿಗೆ ಎಸ್‌ಐಪಿ ಅಂತೀರಿ, ನಮ್ಮಂಥವ್ರು ಏನು ಮಾಡ್ಬೇಕು? ಈ ಸಲ ಖರ್ಚೆಲ್ಲಾ ಕಳೆದು 5 ಲಕ್ಷ ಉಳಿದಿದೆ. — ಕೃಷಿಕರು, ತೀರ್ಥಹಳ್ಳಿ

ಉತ್ತರ: ನಿಮ್ಮ ದೂರು ನಿಜ, ಈ ಅಂಕಣದಲ್ಲಿ ಸಂಬಳದವರ ಲೆಕ್ಕನೇ ಜಾಸ್ತಿ ಆಗಿಬಿಟ್ಟಿದೆ.

ಮೊದಲನೇದು, ನೀವು ಲಾಂಗ್ ಟರ್ಮ್ ಇನ್ವೆಸ್ಟರ್ ಆಗೋದು ಹೇಗೆ ಅಂತ ಕೇಳೋದೇ ತಮಾಷೆ, ನಿಮಗಿಂತ ದೊಡ್ಡ ಲಾಂಗ್ ಟರ್ಮ್ ಇನ್ವೆಸ್ಟರ್ ಯಾರಿದ್ದಾರೆ ಸ್ವಾಮಿ? ಸಸಿ ನೆಟ್ಟು ಐದಾರು ವರ್ಷ ಗೊಬ್ಬರ ನೀರು ಹಾಕಿ ಒಂದು ಗೊನೆನೂ ಕಾಣದೆ ಕಾದಿದೀರಿ. ನಿಮ್ಮ ಆಸ್ತಿಯ ಮುಕ್ಕಾಲು ಪಾಲು ತೋಟದಲ್ಲೇ ಇದೆ, ಅದು ಷೇರಿನ ಹಾಗೇ ಏರುತ್ತೆ ಇಳಿಯುತ್ತೆ. ಮಳೆ ಜಾಸ್ತಿ ಆದ್ರೆ ಕೊಳೆ, ಈಗೀಗ ಎಲೆಚುಕ್ಕಿ, ಎಲ್ಲಾ ಚೆನ್ನಾಗಿದ್ರೆ ಮಂಡಿಯಲ್ಲಿ ರೇಟಿಲ್ಲ. ಆದ್ದರಿಂದ ಸಂಬಳದವನಿಗೆ ಆರು ತಿಂಗಳ ಖರ್ಚು ಕೈಯಲ್ಲಿರ್ಲಿ ಅಂತ ಹೇಳೋ ನಾನು ನಿಮಗೆ ಒಂದು ಪೂರ್ತಿ ವರ್ಷದ್ದು ಹೇಳ್ತೀನಿ, ಮನೆ ಖರ್ಚು ಮಾತ್ರ ಅಲ್ಲ, ಕೂಲಿ, ಬೋರ್ಡೋ ಔಷಧಿ, ಗೊಬ್ಬರ ಎಲ್ಲಾ ಸೇರಿ. ಒಂದು ಫಸಲು ಪೂರ್ತಿ ಹೋದ್ರೂ ಮುಂದಿನ ಕೊಯ್ಲಿನ ತನಕ ಯಾರ ಮನೆ ಬಾಗಿಲಿಗೂ ಹೋಗ್ಬಾರ್ದು. ಆ ದುಡ್ಡು ಈಗಾಗ್ಲೇ ಪಕ್ಕಕ್ಕಿಲ್ಲ ಅಂದ್ರೆ ಈ 5 ಲಕ್ಷ ಮೊದ್ಲು ಅದಕ್ಕೇ ಹೋಗ್ಲಿ. ಅದನ್ನ ಒಂದೇ ಎಫ್‌ಡಿ ಮಾಡದೆ ಖರ್ಚಿನ ತಿಂಗಳುಗಳನ್ನ ನೋಡ್ಕೊಂಡು ಒಡೆದು ಇಡಿ, ಮಳೆಗಾಲಕ್ಕೆ ಮುಂಚೆ ಔಷಧಿ ಖರ್ಚು, ಜೂನ್‌ನಲ್ಲಿ ಮಕ್ಕಳ ಸ್ಕೂಲು, ಕೊಯ್ಲಿಗೆ ಕೂಲಿ, ಹೀಗೆ.

ಸಹಕಾರ ಸಂಘದ ಬೆಳೆ ಸಾಲ ಇದ್ರೆ, ಟೈಮಿಗೆ ಸರಿಯಾಗಿ ಕಟ್ಟಿದವರಿಗೆ ಶೂನ್ಯ ಬಡ್ಡಿ ಇದೆಯಲ್ಲ, ಆ ಗಡುವಿನ ತಾರೀಖೂ ನಿಮ್ಮ ಲೆಕ್ಕದಲ್ಲಿರ್ಲಿ. ಆ ದುಡ್ಡನ್ನ ಫಂಡಿಗೆ ಹಾಕಿ ಗಡುವು ತಪ್ಪಿಸ್ಕೊಂಡ್ರೆ ಬಡ್ಡಿ ಮೇಲೆ ಬೀಳುತ್ತೆ.

ಇಷ್ಟೆಲ್ಲಾ ಆಗಿ ಇನ್ನೂ ಉಳಿಯುತ್ತೆ ಅಂದ್ರೆ ಆಗ ಹತ್ತು ವರ್ಷ ಮುಟ್ಟಲ್ಲ ಅನ್ನೋ ಭಾಗವನ್ನ ಲಿಕ್ವಿಡ್ ಫಂಡಲ್ಲಿ ಇಟ್ಟು, ಅಲ್ಲಿಂದ ತಿಂಗಳಿಗಿಷ್ಟು ಅಂತ ಇಂಡೆಕ್ಸ್ ಫಂಡಿಗೆ ತಾನಾಗೇ ಹೋಗೋ ಹಾಗೆ ಮಾಡಿಸಬಹುದು, ಎಸ್‌ಟಿಪಿ ಅಂತಾರೆ. ವರ್ಷಕ್ಕೊಂದು ಸಲ ಅಡಿಕೆ ದುಡ್ಡು ಬಂದಾಗ ತುಂಬಿಸಿದ್ರಾಯ್ತು. ಹೊಸ ತೋಟ ಹಾಕೋಕೆ ಜಾಗ ನೋಡ್ತಿದೀನಿ ಅಂತನೂ ಪತ್ರದ ಕೊನೆಗೆ ಬರೆದಿದೀರಿ. ಅಡಿಕೆಯ ಮೇಲೇ ಮತ್ತೆ ಅಡಿಕೆನಾ? ನನಗೇನೋ ಸರಿ ಕಾಣ್ತಿಲ್ಲ, ನಿಮ್ಮ ಎಲ್ಲಾ ದುಡ್ಡೂ ಒಂದೇ ರೋಗಕ್ಕೆ ಒಂದೇ ಮಂಡಿ ರೇಟಿಗೆ ಸಿಕ್ಕಿ ಹಾಕ್ಕೊಳ್ಳುತ್ತೆ.

ಪ್ರಶ್ನೆ: ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದೆ, ಈಗ 62, ಪೆನ್ಷನ್ ಇಲ್ಲ. 45 ಲಕ್ಷ ಇದೆ, ಎಲ್ಲಾ ಒಂದೊಂದು ವರ್ಷದ ಎಫ್‌ಡಿ ಮಾಡಿ ರಿನ್ಯೂ ಮಾಡ್ತಾ ಬಂದಿದೀನಿ, ವಯಸ್ಸಾಯ್ತಲ್ಲ ಜಾಸ್ತಿ ವರ್ಷಕ್ಕೆ ಇಡೋಕೆ ಭಯ. ಈ ಸಲ ಬಡ್ಡಿ ಕಮ್ಮಿ ಕೊಟ್ಟಿದಾರೆ. ಪಕ್ಕದ ರಸ್ತೆಯ ಸೌಹಾರ್ದ ಸಂಘದಲ್ಲಿ ಜಾಸ್ತಿ ಕೊಡ್ತಾರಂತೆ. — ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಮೇಡಂ, ಕೊನೇ ಸಾಲಿಂದ ಶುರು ಮಾಡ್ತೀನಿ. ಬ್ಯಾಂಕ್ ಮುಳುಗಿದ್ರೆ ಒಬ್ಬರಿಗೆ ಒಂದು ಬ್ಯಾಂಕಲ್ಲಿ 5 ಲಕ್ಷ ತನಕ ಠೇವಣಿ ವಿಮೆ ಇದೆ, 2020ರ ಫೆಬ್ರವರಿಯಿಂದ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಂಘಗಳು ಬ್ಯಾಂಕ್ ಅಲ್ಲ, ಅವಕ್ಕೆ ಆ ವಿಮೆ ಇಲ್ಲ. ಚೆನ್ನಾಗಿ ನಡೀತಿರೋವೂ ಬೇಕಾದಷ್ಟಿವೆ, ಆದ್ರೆ ನಿಮ್ಮ ಹತ್ರ ಇದೊಂದೇ ಗಂಟು, ಬೇಡ.

ಈಗ ನಿಮ್ಮ ಭಯದ ವಿಷಯ. 62 ಅಂದ್ರೆ ಕಡಿಮೆ ವರ್ಷದ ದುಡ್ಡು ಅಂತ ನೀವು ಅಂದ್ಕೊಂಡಿದೀರಿ. ನಮ್ಮ ಮನೆಗಳಲ್ಲಿ ಅಜ್ಜಿಯರು ಎಂಬತ್ತೈದು ತೊಂಬತ್ತು ತನಕ ಇರೋದು ನೋಡಿಲ್ವಾ? ಈ ಗಂಟು ಇನ್ನೂ ಇಪ್ಪತ್ತು ಇಪ್ಪತ್ತೈದು ವರ್ಷ ಓಡ್ಬೇಕು. ಇಷ್ಟು ಉದ್ದದ ಓಟಕ್ಕೆ ಒಂದೊಂದು ವರ್ಷದ ಎಫ್‌ಡಿ ಸೇಫ್ ಅನ್ಸುತ್ತೆ, ಅಸಲು ಹೋಗಲ್ಲ ನಿಜ, ಆದ್ರೆ ಬಡ್ಡಿ ಹೋಗುತ್ತೆ. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನ (ಬ್ಯಾಂಕ್‌ಗಳಿಗೆ ತಾನು ಕೊಡೋ ಸಾಲದ ಬಡ್ಡಿ) ಫೆಬ್ರವರಿಯಿಂದ ಜೂನ್ ಒಳಗೆ ಆರೂವರೆಯಿಂದ ಐದೂವರೆಗೆ ಇಳಿಸ್ತು, ಅದರ ಹಿಂದೆನೇ ಬ್ಯಾಂಕ್‌ಗಳು ಎಫ್‌ಡಿ ಬಡ್ಡಿ ಇಳಿಸಿದ್ವು, ಐದು ವರ್ಷಕ್ಕೆ ಇಟ್ಟಿದ್ದವ್ರಿಗೆ ಏನೂ ಆಗ್ಲಿಲ್ಲ, ನಿಮ್ಮ ಥರ ಪ್ರತಿ ವರ್ಷ ರಿನ್ಯೂ ಮಾಡೋರಿಗೆ ಸೀದಾ ಹೊಡೆತ.

ಪೋಸ್ಟ್ ಆಫೀಸಿಗೆ ಹೋಗಿ, ಇಲ್ಲಾ ನಿಮ್ಮ ಬ್ಯಾಂಕಲ್ಲೇ ಕೇಳಿ, ಹಿರಿಯ ನಾಗರಿಕರ ಉಳಿತಾಯ ಯೋಜನೆ. 60 ದಾಟಿದವರಿಗೆ, ಒಬ್ಬರಿಗೆ 30 ಲಕ್ಷ ತನಕ, ಐದು ವರ್ಷ. 8.2 ಪರ್ಸೆಂಟ್ ಲೆಕ್ಕದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ಬರುತ್ತೆ, ಅಂದ್ರೆ ತಿಂಗಳಿಗೆ 20,500. ಹೊಸಬರಿಗೆ ಸರ್ಕಾರ ದರ ಬದಲಾಯಿಸಿದ್ರೂ ನೀವು ತೆರೆದ ದಿನದ ದರ ಐದು ವರ್ಷ ಹಾಗೇ ಇರುತ್ತೆ. ಅರ್ಜೆಂಟ್ ಆದ್ರೆ ಮುಂಚೆ ತೆಗೀಬಹುದು, ಒಂದು ವರ್ಷದ ಮೇಲೆ ತೆಗೆದ್ರೆ ಅಸಲಲ್ಲಿ ಒಂದೂವರೆ ಪರ್ಸೆಂಟ್, ಎರಡು ವರ್ಷದ ಮೇಲೆ ಆದ್ರೆ ಒಂದು ಪರ್ಸೆಂಟ್ ಹಿಡ್ಕೊಳ್ತಾರೆ. ಬಡ್ಡಿಗೆ ತೆರಿಗೆ ಲೆಕ್ಕ ಇದೆ, ನಿಮಗೆ ಬೇರೆ ಆದಾಯ ಇಲ್ದಿರೋದ್ರಿಂದ ಅದು ಅಷ್ಟೇನೂ ಕಾಡಲ್ಲ.

ಉಳಿದ 15ರಲ್ಲಿ ಒಂದು 5 ಲಕ್ಷ ಆಸ್ಪತ್ರೆಗೆ ಅಂತ ಕೈಗೆಟುಕೋ ಎಫ್‌ಡಿಯಲ್ಲಿ. ಇನ್ನೊಂದು 5 ಲಕ್ಷ ಒಂದು, ಎರಡು, ಮೂರು ವರ್ಷದ್ದು ಅಂತ ಒಡೆದು, ಬೇರೆ ಬೇರೆ ಬ್ಯಾಂಕಲ್ಲಿ. ಕೊನೇ 5 ಲಕ್ಷ ನಿಮ್ಮ 75ರ ವಯಸ್ಸಿನ ದುಡ್ಡು, ಅಷ್ಟೊತ್ತಿಗೆ ಹಾಲು ಔಷಧಿ ರೇಟು ಎಲ್ಲಿರುತ್ತೋ. ಅದನ್ನ ನಿಧಾನಕ್ಕೆ ಎರಡು ವರ್ಷದಲ್ಲಿ ಇಂಡೆಕ್ಸ್ ಫಂಡಿಗೆ ಹಾಕಿ ಅಂತ ನಾನು ಹೇಳ್ತೀನಿ. ನಿದ್ದೆ ಬರಲ್ಲ ಅಂದ್ರೆ ಬಿಡಿ, ಬಲವಂತ ಇಲ್ಲ.

ಪ್ರಶ್ನೆ: ದುಬೈನಲ್ಲಿದೀನಿ, ಮೂರು ಅಥವಾ ನಾಲ್ಕು ವರ್ಷದಲ್ಲಿ ಮಂಗಳೂರಿಗೆ ವಾಪಸ್ ಬಂದು ಫ್ಲ್ಯಾಟ್ ತಗೊಳ್ಳೋ ಯೋಚನೆ. ಉಳಿತಾಯ ಎಲ್ಲಿಡ್ಲಿ? ಪಿಪಿಎಫ್ (ಸರ್ಕಾರದ ಉಳಿತಾಯ ಖಾತೆ) ಆಗುತ್ತಾ?

ಉತ್ತರ: "ಮೂರು ಅಥವಾ ನಾಲ್ಕು" ಅಂದ್ರಲ್ಲ, ಅದೇ ಒಳ್ಳೇ ಸುದ್ದಿ, ನಿಮ್ಮ ತಾರೀಖು ಅಲ್ಲಾಡುತ್ತೆ. ಮಾರ್ಕೆಟ್ ಬಿದ್ರೆ ಇನ್ನೊಂದು ವರ್ಷ ಬಾಡಿಗೆ ಮನೆಯಲ್ಲಿರಬಹುದು, ಕಾಲೇಜು ಫೀಸಿನ ಹಾಗಲ್ಲ. ಹಾಗಂತ ಪೂರ್ತಿ ಷೇರಿಗೆ ಹಾಕೋ ಅಷ್ಟು ಉದ್ದನೂ ಅಲ್ಲ. ಮುಕ್ಕಾಲು ಪಾಲು ಎನ್‌ಆರ್‌ಇ ಎಫ್‌ಡಿ (ಅನಿವಾಸಿಗಳು ಹೊರದೇಶದ ಸಂಪಾದನೆ ಇಲ್ಲಿ ಇಡೋ ಎಫ್‌ಡಿ), ನೀವು ಅನಿವಾಸಿ ಆಗಿರೋ ತನಕ ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಆದ್ರೆ ಒಂದು ವರ್ಷ ತುಂಬೋ ಮೊದ್ಲೇ ಮುರಿದ್ರೆ ಬಡ್ಡಿನೇ ಇಲ್ಲ, ಅದು ಗೊತ್ತಿರ್ಲಿ. ಉಳಿದ ಕಾಲು ಭಾಗ ಬೇಕಾದ್ರೆ ಇಂಡೆಕ್ಸ್ ಫಂಡ್. ಪಿಪಿಎಫ್ ಕೇಳಿದೀರಿ, ಅನಿವಾಸಿಗಳು ಹೊಸದಾಗಿ ತೆರೆಯೋ ಹಾಗಿಲ್ಲ, ತೆರೆಯೋ ಹಾಗಿದ್ರೂ ಹದಿನೈದು ವರ್ಷದ ಪೆಟ್ಟಿಗೆಯಲ್ಲಿ ನಾಲ್ಕು ವರ್ಷದ ದುಡ್ಡು ಇಡೋದು ಯಾಕೆ?

ಪ್ರಶ್ನೆ: ನಾನು ಬಿ.ಕಾಂ ಸ್ಟೂಡೆಂಟ್, ಹುಬ್ಬಳ್ಳಿ. ನನ್ನ ಟೈಮ್ ಫ್ರೇಮ್ 15 ನಿಮಿಷ, ಆಪ್ಷನ್ಸ್ (ಷೇರಿನ ಮುಂದಿನ ಬೆಲೆ ಮೇಲಿನ ಒಪ್ಪಂದದ ವ್ಯಾಪಾರ) ಮಾಡ್ತೀನಿ. ನಿಮ್ಮ ಅಂಕಣದಲ್ಲಿ ನಮ್ಮ ಬಗ್ಗೆ ಯಾಕೆ ಏನೂ ಬರೆಯಲ್ಲ?

ಉತ್ತರ: ತಗೋ, ಬರೆದೆ. ಷೇರುಪೇಟೆ ನಿಯಂತ್ರಿಸೋ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಲೆಕ್ಕ ಕೊಟ್ಟಿದೆ, ಮೂರು ಹಣಕಾಸು ವರ್ಷದಲ್ಲಿ ಫ್ಯೂಚರ್ಸ್ ಆಪ್ಷನ್ಸ್ ಮಾಡಿದ ಒಂದು ಕೋಟಿಗೂ ಮೇಲ್ಪಟ್ಟ ಸಾಮಾನ್ಯ ಜನರಲ್ಲಿ 93 ಪರ್ಸೆಂಟ್ ಕಳ್ಕೊಂಡಿದಾರೆ, ಎಲ್ಲಾ ಸೇರಿ 1.8 ಲಕ್ಷ ಕೋಟಿಗೂ ಜಾಸ್ತಿ. ಕಂಪನಿ ಬೆಳೆದು ಲಾಭ ಮಾಡೋಕೆ ವರ್ಷಗಳು ಬೇಕು, 15 ನಿಮಿಷದಲ್ಲಿ ಯಾವ ಕಂಪನಿನೂ ಏನೂ ಬೆಳೆಯಲ್ಲ, ಅಷ್ಟರಲ್ಲಿ ನಿನಗೆ ಬರೋದು ಎದುರಿಗಿರೋನ ಜೇಬಿಂದಲೇ ಬರ್ಬೇಕು, ಎದುರಿಗಿರೋನು ಕಂಪ್ಯೂಟರ್ ಇಟ್ಕೊಂಡಿರೋ ದೊಡ್ಡ ಕಂಪನಿ. ಮೇಲಿಂದ ಬ್ರೋಕರೇಜು ತೆರಿಗೆ ಪ್ರತಿ ಸಲ. ಸೆಮಿಸ್ಟರ್ ಫೀಸಿನ ದುಡ್ಡು ಅದರಲ್ಲಿದ್ರೆ ಇವತ್ತೇ ತೆಗಿ ಮಾರಾಯ.

ಪ್ರಶ್ನೆ: ಸ್ನೇಹಿತ ಹೇಳ್ದ ಅಂತ ಒಂದೇ ವಲಯದ ಫಂಡಿಗೆ 3 ಲಕ್ಷ ಹಾಕಿದ್ದೆ, ವರ್ಷದಲ್ಲಿ ತೆಗೆಯೋಣ ಅಂತ. 14 ತಿಂಗಳಾಯ್ತು, ಈಗ 2 ಲಕ್ಷ 35 ಸಾವಿರ ಇದೆ. ಅವನೇ ಈಗ "ಲಾಂಗ್ ಟರ್ಮ್ ಇಟ್ಕೋ" ಅಂತಿದಾನೆ. ಬರೋ ವೈಶಾಖದಲ್ಲಿ ತಂಗಿ ಮದುವೆ ಇದೆ, ಅದಕ್ಕೂ ಇದೇ ದುಡ್ಡು. — ಓದುಗ, ರಾಯಚೂರು

ಉತ್ತರ: ಏರಿದಾಗ ಶಾರ್ಟ್ ಟರ್ಮ್, ಬಿದ್ದಾಗ ಲಾಂಗ್ ಟರ್ಮ್, ನಿಮ್ಮ ಸ್ನೇಹಿತನ ಥರ ಒಬ್ಬ ಪ್ರತಿ ಊರಲ್ಲೂ ಇರ್ತಾನೆ. ಫಂಡ್ ಬಿದ್ದಿದ್ದಕ್ಕೆ ಮುಹೂರ್ತ ಮುಂದೆ ಹೋಗುತ್ತಾ? ಕಲ್ಯಾಣ ಮಂಟಪಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ ಅಂತ ನೀವೇ ಬರೆದಿದೀರಿ. ಇವತ್ತು ನಿಮ್ಮ ಕೈಯಲ್ಲಿ ಈ ಫಂಡ್ ಇಲ್ಲ, 2 ಲಕ್ಷ 35 ಸಾವಿರ ಕ್ಯಾಶ್ ಇದೆ ಅಂದ್ಕೊಳ್ಳಿ, ತಂಗಿ ಮದುವೆ ದುಡ್ಡನ್ನ ತಗೊಂಡು ಹೋಗಿ ಈ ಫಂಡಿಗೆ ಹಾಕ್ತೀರಾ? ಹಾಕಲ್ಲ ಅಂದ್ರೆ ಇಟ್ಕೊಂಡಿರೋದೂ ಅದೇ ಲೆಕ್ಕ. ಮದುವೆಗೆ ಬೇಕಾದಷ್ಟು ಈಗಲೇ ಮಾರಿ ಸೇವಿಂಗ್ಸ್‌ಗೆ ತನ್ನಿ, ವರ್ಷ ದಾಟಿರೋದ್ರಿಂದ ಎಕ್ಸಿಟ್ ಲೋಡ್ (ಬೇಗ ತೆಗೆದ್ರೆ ಹಿಡ್ಕೊಳ್ಳೋ ಶುಲ್ಕ) ಬಹುಶಃ ಇರಲ್ಲ, ಒಂದ್ಸಲ ಚೆಕ್ ಮಾಡ್ಕೊಳ್ಳಿ. ಮದುವೆಗೆ ಬೇಡದೆ ಮಿಕ್ಕಿದ್ದು ಏನಾದ್ರೂ ಇದ್ರೆ ಅದನ್ನ ಬೇಕಾದ್ರೆ ಇಟ್ಕೊಳ್ಳಿ, ಅದಕ್ಕೆ ನಿಜವಾಗ್ಲೂ ಟೈಮ್ ಇದೆ.

ಮಾರಿದ ಮೇಲೆ ಬರೋ ನಷ್ಟನ ಸುಮ್ನೆ ಬಿಡ್ಬೇಡಿ. ಫಂಡ್ ಷೇರಿನದ್ದಾಗಿದ್ದು ವರ್ಷ ದಾಟಿರೋದ್ರಿಂದ ಅದು ತೆರಿಗೆ ಲೆಕ್ಕದಲ್ಲಿ ದೀರ್ಘಾವಧಿ ನಷ್ಟ, ಮುಂದೆ ಬರೋ ದೀರ್ಘಾವಧಿ ಲಾಭದಲ್ಲಿ ಮಾತ್ರ ಕಳೀಬಹುದು, ಎಂಟು ವರ್ಷದ ತನಕ. ಆದ್ರೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಗಡುವಿನೊಳಗೆ ಹಾಕಿರ್ಬೇಕು, ಒಂದು ದಿನ ತಡ ಆದ್ರೂ ಆ ನಷ್ಟನ ಮುಂದಕ್ಕೆ ಒಯ್ಯೋಕೆ ಬಿಡಲ್ಲ.